ಡಯಾಸ್ಟಾಲಿಕ್ ಎಂದರೆ ಬಿಡುವು

ನನ್ನ ಗಂಡನ ಛಾತಿಯಲ್ಲಿ ನೀರು ತುಂಬಿದೆ ಎಂದು ನರ್ಸ್ ಹೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು.

"ಛಾತಿರೆ ಪಾಣಿ," ಎಂದಿದ್ದಳು, ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು. ನನ್ನ ಒಡಿಯಾ ತರಕಾರಿ ಅಂಗಡಿಗೂ ಮನೆ ಬಾಡಿಗೆಗೂ ಸಾಲುವಷ್ಟು. ಪಾಣಿ ಎಂದರೆ ನೀರು, ಅದು ಗೊತ್ತು. ಛಾತಿ ಮಾತ್ರ ನಮ್ಮದೇ ಪದ ಎಂದುಕೊಂಡೆ. ನಮ್ಮ ಕಡೆ ಛಾತಿ ಇದ್ದವನು ಎಂದರೆ ಧೈರ್ಯ ಇದ್ದವನು. ನಮ್ಮವರು ಸಂಡೂರಿನ ಗುಡ್ಡದ ಬುಡದಲ್ಲಿ, ವಡ್ಡು ಗ್ರಾಮದ ಹತ್ತಿರ, ಲಾರಿಗಳನ್ನು ತೂಗುವ ವೇಬ್ರಿಡ್ಜ್‌ನ ಗೂಡಿನಲ್ಲಿ ಕೂತು ಕೆಲಸ ಮಾಡಿದವರು. ಮಿತಿ ಮೀರಿ ಅದಿರು ಹೇರಿಕೊಂಡು ಬಂದ ಡ್ರೈವರುಗಳು ಬೈದರೂ, ಬೆದರಿಸಿದರೂ, "ಇಳಿಸಿ ಬಾರಪಾ, ಆಮ್ಯಾಲೆ ಮಾತಾಡಂಬು," ಎಂದು ನಗುತ್ತಲೇ ಹಿಂದಕ್ಕೆ ಕಳಿಸಿದವರು. ಅಂಥವರ ಧೈರ್ಯ ನೀರಾಗಿದೆ ಎಂದು ಈ ಹುಡುಗಿ ಹೇಳುತ್ತಾಳಲ್ಲ ಎಂದು ನನಗೆ ತಡೆಯಲಾಗಲಿಲ್ಲ. ನನ್ನ ಹರಕು ಹಿಂದಿಯಲ್ಲಿ, "ಇವರ ಛಾತಿ ಬಹುತ್ ಮಜ್‌ಬೂತ್," ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ಹೌದೆಂದು ತಲೆಯಾಡಿಸಿ, ಹಾಳೆಯನ್ನು ಕವರಿಗೆ ಹಾಕಿದಳು.

ಛಾತಿ ಎಂದರೆ ಇಲ್ಲಿ ಎದೆ. ಅಷ್ಟೇ. ಒಳಗಿನ ಧೈರ್ಯವನ್ನು ನಾವು ಇಟ್ಟುಕೊಂಡಿದ್ದೇವೆ, ಎಲುಬಿನ ಗೂಡನ್ನು ಅವರಿಗೆ ಬಿಟ್ಟಿದ್ದೇವೆ.

ನಾವಿರುವ ಊರು ಬಡಬಿಲ್, ಒಡಿಶಾದ ಗಣಿ ಊರು. ಇಲ್ಲಿಗೆ ಬರುವ ಸುದ್ದಿ ತಿಳಿಸಲು ಕಂಪ್ಲಿಗೆ ಹೋದಾಗ ನಮ್ಮವರ ಅಕ್ಕ ಗಂಗಕ್ಕ ಊರಿನ ಹೆಸರು ಕೇಳಿಯೇ ಮೂಗು ಮುರಿದಿದ್ದರು. "ಬಡವರ ಬಿಲ್ಲು ಅಂದ್ರ ಅದೇನು ಊರಲೇ ಕೊಟ್ರ್ಯಾ? ಸಾವುಕಾರರ ಬಿಲ್ಲು ಅನ್ನೋ ಊರು ಸಿಗಲಿಲ್ಲೇನು ನಿನಗ?" ಒಡಿಯಾದಲ್ಲಿ ಬಡ ಎಂದರೆ ದೊಡ್ಡದು, ಬಿಲ್ ಎಂದರೆ ಗದ್ದೆ ಎಂಬುದು ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ನಮ್ಮಲ್ಲಿ ಬಡವ ಎನಿಸಿಕೊಳ್ಳುವ ಪದ ಇಲ್ಲಿ ದೊಡ್ಡವನಾಗಿ ಕೂತಿದೆ. ಆದರೆ ದೊಡ್ಡ ಗದ್ದೆಯನ್ನು ನಾನು ನೋಡಲಿಲ್ಲ. ಕಂಡದ್ದು ಕೆಂಪು ದೂಳು. ಸಂಡೂರಿನಲ್ಲಿ ಒಗೆದ ಬಟ್ಟೆಯ ಮೇಲೆ ಕೂರುತ್ತಿದ್ದ ಅದೇ ದೂಳು, ಲಾರಿಯ ಹಿಂದೆ ಏಳುತ್ತಿದ್ದ ಅದೇ ಮೋಡ, ತುಳಸಿ ಎಲೆಯ ಮೇಲೆ ಅದೇ ಕಾವಿ. ಇಷ್ಟು ದೂರ ರೈಲಿನಲ್ಲಿ ಬಂದದ್ದು ಅದೇ ಮಣ್ಣು ಗುಡಿಸುವುದಕ್ಕೆ ಎನಿಸಿತ್ತು.

ಅಲ್ಲಿ ಗಣಿ ಕೆಲಸ ನಿಂತಾಗ ಸಾಗಾಣಿಕೆಯ ಮಾಲೀಕರು ಲಾರಿಗಳನ್ನು ಇಲ್ಲಿಗೆ ತಂದರು. ಲಾರಿಯ ಹಿಂದೆ ತೂಕ ಹಾಕುವವರೂ ಬಂದರು. ಸ್ವಲ್ಪ ದಿನ ಇದ್ದು ಬರೋಣ ಎಂದು ಇವರು ಹೇಳಿದ್ದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ.

ಮನೆ ಎರಡು ಕೋಣೆಯದು. ಗೋಡೆಯಾಚೆ ಮಿನತಿ ಅಪಾ ಇರುತ್ತಾರೆ. ಅಪಾ ಎಂದರೆ ಇಲ್ಲಿ ಅಕ್ಕ. ಶಾಲೆಯ ಮೇಡಂಗೂ ಹಾಗೇ ಕರೆಯುತ್ತಾರೆ, ಅವರು ಎರಡೂ ಹೌದು. ಮೊದಮೊದಲು ಹೆಂಗಸನ್ನು ಅಪಾ ಎಂದು ಕೂಗಲು ನನಗೆ ನಾಲಿಗೆ ತಿರುಗುತ್ತಿರಲಿಲ್ಲ, ಅಪ್ಪನನ್ನು ಕರೆದಂತೆ ಆಗುತ್ತಿತ್ತು. ನಿಮ್ಮ ಊರು ಯಾವುದು ಎಂದು ಅವರು ಕೇಳಿದಾಗ ಕಂಪ್ಲಿ ಎಂದೆ, ಗೊತ್ತಾಗಲಿಲ್ಲ. ಹೊಸಪೇಟೆ ಎಂದೆ, ಗೊತ್ತಾಗಲಿಲ್ಲ. ಪರ್ಸಿನಿಂದ ಐವತ್ತರ ನೋಟು ತೆಗೆದು ಹಿಂಬದಿಯ ಹಂಪಿ ತೋರಿಸಿ, ಇದರ ಪಕ್ಕದ ಊರು ಎಂದೆ. ಅವರು ನೋಟನ್ನು ಕೈಗೆ ತಗೊಂಡು ಬಹಳ ಹೊತ್ತು ನೋಡಿ, "ನೀವು ಇದರೊಳಗೆ ಹೋಗಿದ್ದೀರಾ?" ಎಂದರು. ನಮ್ಮಜ್ಜಿ ಹಂಪಿಗೆ ಹೋದರೆ ಆ ಕಲ್ಲುಗಳ ಮೇಲೆ ಹಪ್ಪಳ ಒಣಗಿಸಬಹುದಿತ್ತಲ್ಲ ಎಂದು ಕೊರಗುತ್ತಿದ್ದಳು ಎಂದು ಹೇಳಬೇಕೆನಿಸಿತು. ಹೇಳುವಷ್ಟು ಭಾಷೆ ಇರಲಿಲ್ಲ.

ಊಟದ ಮಾತು ಬೇರೆಯೇ. ನಮ್ಮಲ್ಲಿ ರಾತ್ರಿ ಉಳಿದ ಅನ್ನವನ್ನು ಬಂದವರ ಮುಂದಿಟ್ಟರೆ ಮರ್ಯಾದೆ ಹೋಯಿತು. ಇಲ್ಲಿ ಅದೇ ಅನ್ನಕ್ಕೆ ನೀರು ಹಾಕಿ ನೆನೆಸಿ ಪಖಾಳ ಎಂದು ಪ್ರೀತಿಯಿಂದ ಬಡಿಸುತ್ತಾರೆ. ಮಂಡಕ್ಕಿಗೆ ಮುಢಿ ಎನ್ನುತ್ತಾರೆ. ನಾನು ಆಸೆಯಿಂದ ಒಗ್ಗರಣೆ ಹಾಕಿ, ಮಿರ್ಚಿ ಕರಿದು ಅಪಾಗೆ ಕೊಟ್ಟೆ. ಒಂದು ಮಿರ್ಚಿ ತಿಂದು ಅವರು ನೆಲದ ಮೇಲೆ ಕೂತುಬಿಟ್ಟರು. ಇವರು ಬಾಗಿಲಲ್ಲಿ ನಿಂತು, "ಗಂಗಕ್ಕನ ಗಿರಣ್ಯಾಗ ಒಂದು ತಾಸು ನಿಂದ್ರಿಸಿದ್ರ ಇವರು ಏನಾಗ್ತಿದ್ರಲೇ ಉಮಾ," ಎಂದು ನಕ್ಕಿದ್ದರು. ಗಂಗಕ್ಕನದು ಕಂಪ್ಲಿಯಲ್ಲಿ ಖಾರದ ಗಿರಣಿ. ಆ ಬೀದಿಯಲ್ಲಿ ಹೋಗುವವರು ಮೂಗಿಗೆ ಸೆರಗೋ ಟವೆಲ್ಲೋ ಹಿಡಿದೇ ಹೋಗಬೇಕು.

ಗಂಗಕ್ಕ ನಮ್ಮವರಿಗೆ ಅಕ್ಕ ಮಾತ್ರವಲ್ಲ. ತಾಯಿ ಹೋದಾಗ ಇವರು ನಡೆಯಲು ಕಲಿಯುತ್ತಿದ್ದರಂತೆ. ಎತ್ತಿ ಸಾಕಿದವರು ಅವರೇ. ನಮಗೆ ಮಕ್ಕಳಾಗಲಿಲ್ಲ. ಗಂಗಕ್ಕನ ಮಗಳನ್ನೇ ಇವರು ನನ್ನ ಮಗಳು ಎನ್ನುತ್ತಿದ್ದರು.

ಆ ಮಗಳ ಮದುವೆಗೆ ನಾವು ಹೋಗಲಿಲ್ಲ. ಸೋದರಮಾವನೇ ಕೈಹಿಡಿದು ಹುಡುಗಿಯನ್ನು ಹಂದರಕ್ಕೆ ಕರೆತರಬೇಕು. ಇವರ ಜಾಗದಲ್ಲಿ ದಾಯಾದಿಯೊಬ್ಬನನ್ನು ನಿಲ್ಲಿಸಿದರು. ಅದಿರು ಹಡಗಿಗೆ ಸೇರಬೇಕಾದ ವಾರ ಅದು, ರಜೆ ಸಿಗಲಿಲ್ಲ. "ಬಿಡುವಿಲ್ಲಕ್ಕಾ," ಎಂದು ಇವರು ಫೋನಿನಲ್ಲಿ ಹೇಳಿದ್ದರು. ಅದಕ್ಕೂ ಮೊದಲು ಪ್ರತಿ ದೀಪಾವಳಿಗೂ ಅದೇ ಮಾತು ಹೇಳಿದ್ದರು. ಮದುವೆಯ ನಂತರ ಗಂಗಕ್ಕ ಇವರ ಜೊತೆ ಮಾತು ಬಿಟ್ಟರು. ಫೋನ್ ನನಗೆ ಮಾಡುತ್ತಿದ್ದರು, ಇವರ ಸುದ್ದಿ ಬಂದರೆ "ಆ ಬಿಡುವಿಲ್ಲದ ಮನುಷ್ಯ ಹೆಂಗದಾನ?" ಎಂದು ಕೇಳುತ್ತಿದ್ದರು. ನಾನು ಫೋನಿನ ಸದ್ದು ಜೋರು ಮಾಡುತ್ತಿದ್ದೆ. ಇವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು.

ಈಗ ಛಾತಿಯ ನೀರಿನ ವಿಷಯಕ್ಕೆ ಬರುತ್ತೇನೆ. ಕಾಲು ಊದಿತ್ತು. ಗೂಡಿನ ಮೆಟ್ಟಿಲು ಹತ್ತಿದರೆ ದಮ್ಮು ಕಟ್ಟುತ್ತಿತ್ತು. ದೂಳು ಎಂದುಕೊಂಡೆವು, ದೂಳಿನ ಊರಿನಲ್ಲಿ ಬೇರೆ ಏನೆಂದುಕೊಳ್ಳುವುದು? ಇಲ್ಲಿಯ ದವಾಖಾನೆಯವರು ಎಕ್ಸ್‌ರೇ ನೋಡಿ ಜಮ್‌ಶೆಡ್‌ಪುರದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಕೆಲಸದವರು ಇವರಿಗೆ ಕೊಟ್ಟ ವಿಮೆಯ ಕಾರ್ಡು ನಡೆಯುವುದೂ ಅಲ್ಲೇ.

ಅಲ್ಲಿಯ ಹೃದಯದ ಡಾಕ್ಟರು ಒಬ್ಬ ಹೆಣ್ಣುಮಗಳು. ತೆಳ್ಳಗಿನ ದನಿ, ಅವಸರವಿಲ್ಲ. ಇವರನ್ನು ಸ್ಕ್ಯಾನ್ ಕೋಣೆಯಲ್ಲೇ ಮಲಗಿಸಿ ನನ್ನನ್ನು ಕರೆದು ಹಿಂದಿ, ಇಂಗ್ಲಿಷ್ ಕಲಸಿ ಹೇಳಿದರು: "ಸಿಸ್ಟಾಲಿಕ್ ಚೆನ್ನಾಗಿದೆ. ತೊಂದರೆ ಇರುವುದು ಡಯಾಸ್ಟಾಲಿಕ್." ನನ್ನ ಮುಖ ನೋಡಿ, ಪೆನ್ನು ಕೆಳಗಿಟ್ಟು, ಬಲಗೈಯನ್ನು ಮುಷ್ಟಿ ಮಾಡಿ ನನ್ನೆದುರು ಹಿಡಿದರು. ಬಿಗಿ ಹಿಡಿದರು, ಬಿಟ್ಟರು. ಬಿಗಿ ಹಿಡಿದರು, ಬಿಟ್ಟರು.

"ಬಿಗಿ ಹಿಡಿಯುವುದು ಬಡಿತ. ಆ ಕೆಲಸ ಇವರ ಹೃದಯ ಮಾಡುತ್ತಿದೆ. ಒಂದು ಬಡಿತ ಆಗಿ ಇನ್ನೊಂದು ಬರುವ ತನಕ ನಡುವೆ ಒಂದು ಹೊತ್ತು ಇರುತ್ತದಲ್ಲ, ಆಗ ಹೃದಯ ಸಡಿಲಾಗಿ ರಕ್ತ ತುಂಬಿಕೊಳ್ಳಬೇಕು. ಇವರದು ಸಡಿಲಾಗುತ್ತಿಲ್ಲ. ಗಟ್ಟಿಯಾಗಿಬಿಟ್ಟಿದೆ." ಈ ಸಲ ಅವರ ಮುಷ್ಟಿ ಅರ್ಧವಷ್ಟೇ ತೆರೆಯಿತು. "ತುಂಬಿಕೊಳ್ಳಲು ಆಗದ್ದು ಹಿಂದಕ್ಕೆ ನಿಲ್ಲುತ್ತದೆ. ನೀರು ಬರುವುದು ಹಾಗೆ."

"ಔಷಧಿ ಕೊಟ್ಟರೆ ಸಡಿಲಾಗುತ್ತದಾ?"

"ನೀರು ತೆಗೆಯಲು ಔಷಧಿ ಇದೆ. ಉಪ್ಪು ಬಿಡಿಸಿ. ಇಷ್ಟು ಗಟ್ಟಿಯಾದದ್ದನ್ನು ಸಡಿಲು ಮಾಡುವುದಕ್ಕೆ ನಮ್ಮಲ್ಲಿ ಏನೂ ಇಲ್ಲ." ಆ ಮುಷ್ಟಿ ಇನ್ನೂ ಅರ್ಧ ತೆರೆದೇ ಇತ್ತು. ಅವರೇ ಅದನ್ನು ಗಮನಿಸಿ ಕೈಯನ್ನು ಮೇಜಿನ ಕೆಳಗೆ ತಗೊಂಡರು.

ವಾಪಸು ಬರುವ ರೈಲಿನಲ್ಲಿ ಇವರು ಕಿಟಕಿಗೆ ಒರಗಿ ಕೂತು ಕೇಳಿದರು, "ಏನಂದ್ಲು ಆ ಡಾಕ್ಟರವ್ವ?"

ಏನು ಹೇಳಲಿ? ನನಗೆ ಗಾದಿಗನೂರಿನ ನಮ್ಮಜ್ಜಿ ನೆನಪಾದಳು. ನನ್ನ ಮಾತೆಲ್ಲ ಅವಳಿಂದ ಬಂದದ್ದು. ಮನೆಯಲ್ಲಿ ಮದುವೆ ಎದ್ದರೆ ಒಳ್ಳಿನಲ್ಲಿ ಅರಿಷಿಣದ ಕೊಂಬು ಹಾಕಿ ಇಬ್ಬರು ಹೆಂಗಸರು ಎದುರಾಬದುರಾ ನಿಂತು ಕುಟ್ಟುತ್ತಿದ್ದರು. ಒಂದೇ ಒಳ್ಳು, ಎರಡು ಒನಕೆ. ಒಬ್ಬಳದು ಇಳಿಯುವಾಗ ಇನ್ನೊಬ್ಬಳದು ಏಳಬೇಕು. ನನಗೆ ಮೊದಲ ಸಲ ಒನಕೆ ಕೊಟ್ಟಾಗ ಚಿಕ್ಕಮ್ಮನ ಒನಕೆಗೆ ನನ್ನದು ಢಿಕ್ಕಿ ಹೊಡೆದು ಕೈ ಜುಂ ಎಂದಿತು. ಅಜ್ಜಿ ಮೂಲೆಯಲ್ಲಿ ಕಾಲು ಚಾಚಿ ಕೂತವಳು, "ಅಕಿ ಏಟು ನೋಡಬ್ಯಾಡ್ಲೇ, ಬಿಡುವು ನೋಡು. ಬಿಡುವು ನೋಡಿ ಹಾಕು," ಎಂದಳು. ಎರಡು ಏಟಿನ ನಡುವೆ ಇರುವ ಆ ಚೂರು ಹೊತ್ತಿಗೆ ಅಜ್ಜಿಯ ಬಾಯಲ್ಲಿ ಹೆಸರಿತ್ತು. ಡಾಕ್ಟರ ಮುಷ್ಟಿ ತೆರೆದಾಗ ನನಗೆ ಕಂಡದ್ದು ಅದೇ.

"ಗುಂಡಿಗಿ ಹೊಡ್ಕಳ್ಳೋದು ಸರಿ ಐತಂತ," ಎಂದೆ. "ಹೊಡ್ತಕ್ಕೂ ಹೊಡ್ತಕ್ಕೂ ನಡುವ ಬಿಡುವು ಸಾಲವಲ್ದಂತ."

ಇವರು ಕಣ್ಣು ಮುಚ್ಚಿಕೊಂಡೇ ನಕ್ಕರು, ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಬಿಡುವಾ? ಗಂಗಕ್ಕಗ ಮಾತ್ರ ಹೇಳಬ್ಯಾಡ. ಹಳೇ ಹಾಡು ಮತ್ತ ಸುರು ಹಚ್ಚಿದ ಅಂತಾಳ," ಎಂದರು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅವರೇ, "ಒಮ್ಮಿ ಕಂಪ್ಲಿಗೆ ಹೋಗಿ ಬರಬೇಕಲೇ ಉಮಾ. ಅಕಿ ಮುಂದ ಕುಂತು ಬೈಸ್ಕಂಡು ಬಂದ್ರ ಸಾಕು," ಎಂದರು. ಆ ಮನುಷ್ಯನಿಗೆ ಉಳಿದಿದ್ದ ಆಸೆ ಅದೊಂದೇ.

ಡಾಕ್ಟರಿಗೆ ಫೋನಿನಲ್ಲಿ ಕೇಳಿದೆ. ಅಷ್ಟು ದೂರದ ರೈಲು ಬೇಡ, ನಡುದಾರಿಯಲ್ಲಿ ದಮ್ಮು ಕಟ್ಟಿದರೆ ಆಕ್ಸಿಜನ್ ಸಿಗುವುದಿಲ್ಲ, ಊತ ಪೂರ್ತಿ ಇಳಿದರೆ ಯೋಚಿಸೋಣ ಎಂದರು. ಊತ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಪೂರ್ತಿ ಇಳಿದ ದಿನ ನಾನು ನೋಡಲಿಲ್ಲ. ಹಾಗಾದರೆ ಗಂಗಕ್ಕನೇ ಬರಬೇಕು. ಬರಬೇಕಾದರೆ ಅವರಿಗೆ ತಿಳಿಯಬೇಕು. ಇವರು ಬೇಡವೆಂದರೂ ನಾನು ಫೋನ್ ಮಾಡಿದೆ.

ಆ ಕಡೆ ಗಿರಣಿಯ ಸದ್ದು. "ಜಲ್ದಿ ಹೇಳವ್ವಾ, ಮಂದಿ ನಿಂತಾರ," ಎಂದರು.

"ಅಕ್ಕಾ, ಇವರಿಗೆ ಭಾಳ ತ್ರಾಸಾಗೈತ್ರಿ. ಗುಂಡಿಗಿಗೆ ಬಿಡುವಿಲ್ಲಂತ್ರಿ."

ಗಿರಣಿ ಓಡುತ್ತಲೇ ಇತ್ತು. ಆಮೇಲೆ ಗಂಗಕ್ಕ ನಿಧಾನವಾಗಿ, "ಹೌದೇನು? ಇಷ್ಟು ದಿವಸ ಅವನಿಗೆ ಬಿಡುವಿದ್ದಿಲ್ಲ. ಈಗ ಅವನ ಗುಂಡಿಗಿಗೂ ಇಲ್ಲ. ನಾಳೆ ಅವನ ಚಪ್ಲಿಗೆ ಬಿಡುವಿಲ್ಲ ಅಂತ ಫೋನ್ ಮಾಡ್ತೀಯೇನು?" ಎಂದರು.

"ಇದು ಜಡ್ಡು ಅಕ್ಕಾ."

"ಜಡ್ಡಿಗೆ ಒಂದು ಹೆಸರಿರ್ತೈತಿ ಉಮಾ. ಸಕ್ಕರಿ ಅಂತಾರ, ಲಕ್ವಾ ಅಂತಾರ, ಬಿಪಿ ಅಂತಾರ. ಬಿಡುವಿಲ್ಲ ಅನ್ನೋ ಜಡ್ಡು ಯಾವ ಡಾಕ್ಟರು ಬರಕೊಟ್ಟಾನ? ಇಂಗ್ಲೀಷಿನ್ಯಾಗ ಏನಂತಾರ ಹೇಳು. ಇಲ್ಲಿ ಮೆಡಿಕಲ್ ಶಾಪಿನವಗ ಕೇಳ್ತೀನಿ. ಅವ ಹೌದಂದ್ರ ಹೌದು."

ಕನ್ನಡದಲ್ಲಿ ಹೇಳಿದ್ದು ನೆಪವಾಗಿ ಕೇಳಿಸಿತು. ತಪ್ಪು ಅವರದೆಂದು ನಾನು ಅನ್ನಲಾರೆ. ಆ ಪದವನ್ನು ನಮ್ಮವರು ಅಷ್ಟು ಸಲ ಬಳಸಿ ಸವೆಸಿಟ್ಟಿದ್ದರು. ಇಂಗ್ಲಿಷ್ ಹೆಸರೇ ಬೇಕಾಯಿತು.

ನಾನು ಹೊಸಪೇಟೆಯಲ್ಲಿ ಪಿಯುಸಿಯವರೆಗೆ ಓದಿದವಳು, ಇಂಗ್ಲಿಷ್ ಕ್ಲಾಸಿನಲ್ಲಿ ಕೊನೆಯ ಬೆಂಚು. ಡಾಕ್ಟರು ಹೇಳಿದ ಪದದಲ್ಲಿ ನನಗೆ ಕೇಳಿಸಿದ್ದು "ದಯಾ" ಮಾತ್ರ. ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಮಿನತಿ ಅಪಾ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ, ಮಗುವಿಗೆ ಹೇಳಿಕೊಡುವಂತೆ ತೊಡೆ ತಟ್ಟುತ್ತಾ ಪದವನ್ನು ತುಂಡು ಮಾಡಿದರು: ಡ, ಯಾ, ಸ್ಟಾ, ಲಿಕ್. ನಾನು ಹೇಳಿದೆ. ಲಿಕ್ ಮರೆತೆ. ಮತ್ತೆ ಹೇಳಿದೆ. ಪಖಾಳದ ಬಟ್ಟಲು ಹಿಡಿದು ಅವರ ಯಜಮಾನರು ಬಂದು ನಿಂತು, ಇವರೇನು ಪರೀಕ್ಷೆಗೆ ಕಟ್ಟಿದ್ದಾರಾ ಎಂದು ಕೇಳಿದರು. ಅಪಾ ಅವರನ್ನು ಗದರಿ ಒಳಗೆ ಕಳಿಸಿದರು.

ದಪ್ಪ ಡಿಕ್ಷನರಿಯನ್ನೂ ತೆಗೆದು ನೋಡಿದರು. "ಇದು ಬಿಶೇಷಣ," ಎಂದರು. ನಮ್ಮ ವಿಶೇಷಣವೇ; ಒಡಿಯಾದಲ್ಲಿ ವ ಎಲ್ಲ ಬ. "ಇದು ಒಂಟಿಯಾಗಿ ನಿಲ್ಲುವ ಪದ ಅಲ್ಲ. ಮುಂದೆ ಏನಾದರೂ ಇರಬೇಕು. ಕೆಂಪು ಎಂದರೆ ಕೆಂಪು ಏನು ಎಂದು ಕೇಳುತ್ತೇವಲ್ಲ, ಹಾಗೆ. ಡಯಾಸ್ಟಾಲಿಕ್ ಏನು ಎಂದರು ಡಾಕ್ಟರು?"

ಏನೂ ಅನ್ನಲಿಲ್ಲ, ಮುಷ್ಟಿ ತೋರಿಸಿದರು ಎಂದೆ. ಚೀಟಿಯಲ್ಲಿ ಅದರ ಮುಂದೆ ಬರೆದದ್ದು ಕೋಳಿ ಕೆದರಿದಂತೆ ಇತ್ತು, ಅಪಾಗೂ ಓದಲಾಗಲಿಲ್ಲ. ಇರಲಿ, ಹೆಸರು ಸಿಕ್ಕಿತಲ್ಲ ಎಂದು ನಾನು ಹಿಗ್ಗಿದೆ. ಪರದೇಶದಲ್ಲಿ ಬದುಕುವವಳಿಗೆ ಒಂದು ಕಠಿಣ ಪದ ಸರಿಯಾಗಿ ಹೊರಡುವುದೂ ಗೆಲುವೇ. ಪಾತ್ರೆ ತೊಳೆಯುತ್ತಾ ಹೇಳಿದೆ, ದೂಳು ಗುಡಿಸುತ್ತಾ ಹೇಳಿದೆ. ಇವರು ಮಂಚದ ಮೇಲಿಂದಲೇ, "ಮಂತ್ರ ಕಲ್ತೀಯೇನು? ನನ್ನ ಮ್ಯಾಲೆ ನೀರು ಚುಮುಕಿಸಿಬಿಡು ಹಂಗಾರ," ಎಂದರು.

ಫೋನಿನಲ್ಲಿ ಗಂಗಕ್ಕನಿಗೆ ಅಕ್ಷರ ಬಿಡದೆ ಹೇಳಿದೆ. ಅವರು ಎರಡು ಸಲ ಹೇಳಿಸಿಕೊಂಡು ಮೆಡಿಕಲ್ ಶಾಪಿಗೆ ಹೋದರು. ಸಂಜೆಯೊಳಗೆ ಅವರದೇ ಫೋನ್ ಬಂತು. ದನಿ ಹಗುರಾಗಿತ್ತು.

"ಎಷ್ಟು ಹೆದರಿಸಿಬಿಟ್ಟಿದ್ದೆವ್ವಾ ನನ್ನ. ಡಯಾಸ್ಟಾಲಿಕ್ ಅಂದ್ರ ಬಿಪಿದು ಕೆಳಗಿಂದಂತ. ಮ್ಯಾಲಿಂದು ಒಂದಿರ್ತೈತಿ, ಕೆಳಗಿಂದು ಒಂದಿರ್ತೈತಿ. ಕೆಳಗಿಂದಕ್ಕ ಈ ಹೆಸರು. ಎಲ್ಲಾರಿಗೂ ಇರ್ತೈತಿ, ನನಗೂ ಐತಂತ. ಮ್ಯಾಲಿಂದು ಎಷ್ಟೈತಿ ಅವನಿಗೆ?"

ನಮ್ಮ ಕಡೆ ಬಿಪಿ ಎಂದರೆ ಮೇಲಿನದೇ. ನೂರಾ ಎಷ್ಟು ಎಂದು ಕೇಳಿ ಹೌಹಾರುತ್ತೇವೆ. ಕೆಳಗಿನದನ್ನು ಯಾರೂ ಕೇಳುವುದಿಲ್ಲ, ಅದು ಮೇಲಿನದರ ಜೊತೆ ಸುಮ್ಮನೆ ಬಂದದ್ದು. "ಮ್ಯಾಲಿಂದು ಸರಿ ಐತ್ರಿ, ಆದ್ರ..." ಎನ್ನುವಷ್ಟರಲ್ಲಿ, "ಸರಿ ಐತಲ್ಲ, ಮುಗೀತು. ಉಪ್ಪು ಕಡಿಮಿ ಹಾಕು. ಬರಬೇಕು ಅನಿಸಿದ್ರ ಅವನೇ ಬರಲಿ, ನನ್ನ ಬಾಗಿಲು ಏನು ಹಾಕಿಲ್ಲ," ಎಂದು ಫೋನ್ ಇಟ್ಟರು.

ಅಪಾ ಹೇಳಿದ್ದು ಆಗ ಅರ್ಥವಾಯಿತು. ಒಂಟಿಯಾಗಿ ನಿಲ್ಲಲಾರದ ಪದವನ್ನು ನಾನು ಒಂಟಿಯಾಗಿ ಕಳಿಸಿದ್ದೆ. ಅದಕ್ಕೆ ಕಂಪ್ಲಿಯಲ್ಲಿ ಬೇರೆ ಜೋಡಿ ಸಿಕ್ಕಿತು. ಮುಂದಿನ ಸಲ ಜಮ್‌ಶೆಡ್‌ಪುರಕ್ಕೆ ಹೋದಾಗ ಡಾಕ್ಟರಿಗೆ ನೇರ ಕೇಳಿದೆ, ಡಯಾಸ್ಟಾಲಿಕ್ ಆದಮೇಲೆ ಏನು ಬರುತ್ತದೆ ಎಂದು. ಅವರು, "ಫೇಲ್ಯೂರ್," ಎಂದರು.

ಆ ಪದಕ್ಕೆ ಡಿಕ್ಷನರಿ ಬೇಕಿರಲಿಲ್ಲ. ಫೇಲ್ ಎಂದರೆ ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಇದನ್ನು ಫೋನಿನಲ್ಲಿ ಯಾವ ಬಾಯಿಂದ ಹೇಳುವುದು? ಕೈಗೂಸನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರಿಗೆ, ನಿಮ್ಮ ತಮ್ಮನ ಎದೆ ಫೇಲಾಗಿದೆ ಎನ್ನುವುದೇ? ಗಂಗಕ್ಕನ ನಂಬರ್ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡುತ್ತಿದ್ದೆ. ಇವರ ಅಂಗಿಯ ಕಾಲರು ಅಗಲವಾಗಿ ಕಾಣಹತ್ತಿತು. ಕೆಲಸಕ್ಕೆ ಹೋಗುವುದು ನಿಂತಿತು. ಬೆಳಿಗ್ಗೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಲಾರಿ ನೋಡುತ್ತಾ ಕೂರುತ್ತಿದ್ದರು. ಟೈರು ಎಷ್ಟು ಕುಗ್ಗಿದೆ ನೋಡಿ, "ಇವ ಜಾಸ್ತಿ ಹೇರ್ಯಾನ," ಎನ್ನುತ್ತಿದ್ದರು. ಯಾರಿಗೂ ಅಲ್ಲ.

ಹಾಗೆ ಕೂತಿದ್ದ ಒಂದು ಮುಂಜಾನೆ ನನ್ನ ಫೋನ್ ಬಡಿದುಕೊಂಡಿತು. ನನ್ನ ಕೈ ಹಿಟ್ಟಾಗಿತ್ತು, ಇವರೇ ಎತ್ತಿದರು. ಗಂಗಕ್ಕ. ಇವರ ದನಿ ಕೇಳಿ ಅವರು, "ಏನು, ಇವತ್ತು ಬಿಡುವು ಸಿಕ್ತೇನು ಸಾಹೇಬ್ರಿಗೆ?" ಎಂದರು.

"ಸಿಕ್ತಕ್ಕಾ," ಎಂದರು ಇವರು. ನಿಂತರು. ಉಸಿರು ತಗೊಂಡರು. "ನೀ ಹೆಂಗ..." ಮತ್ತೆ ನಿಂತರು. "...ಅದಿ?"

ಇವರೇ ಮುಂದುವರಿಸಿದರು.

"ಗಿರಣಿ..." ಉಸಿರು. "...ನಡದೈತಿ?"

"ಕೊಟ್ರ್ಯಾ," ಎಂದರು ಗಂಗಕ್ಕ. ದನಿ ಬೇರೆಯಾಗಿತ್ತು. "ನೀ ಓಡಿ ಬಂದೀಯೇನು?"

"ಇಲ್ಲ. ಕುಂತೀನಿ."

"ಕುಂತಿಯೇನು?"

"ಕುಂತೇ..." ಉಸಿರು. "...ಅದೀನಕ್ಕಾ."

"ಬ್ಯಾಡ. ಮಾತಾಡಬ್ಯಾಡ ತಮ್ಮಾ. ಏ, ಮಾತಾಡಬ್ಯಾಡ ಅಂದ್ನಿಲ್ಲ? ಉಮಾನ ಕೈಯಾಗ ಕೊಡು." ನಾನು ಹಿಟ್ಟಿನ ಕೈಯಲ್ಲೇ ತಗೊಂಡೆ. "ಮುಂದ ಹೇಳಬ್ಯಾಡ," ಎಂದರು ಗಂಗಕ್ಕ, ನಾನಿನ್ನೂ ಏನೂ ಹೇಳಿರಲಿಲ್ಲ. "ಯಾವ ರೈಲು ಹತ್ತಬೇಕು ಅಷ್ಟು ಹೇಳು."

ನನ್ನ ಕನ್ನಡವೂ ಇಂಗ್ಲಿಷೂ ಮುಟ್ಟಿಸಲಾರದ್ದನ್ನು ಇವರ ಮಾತಿನ ನಡುವಿನ ಉಸಿರು ಮುಟ್ಟಿಸಿತ್ತು. ಮೆಡಿಕಲ್ ಶಾಪಿನವನನ್ನು ಗಂಗಕ್ಕ ಮತ್ತೆ ಕೇಳಲಿಲ್ಲ.

ಗುಂತಕಲ್ಲಿನಿಂದ ಆಚೆ ಎಂದೂ ದಾಟದ ಗಂಗಕ್ಕ ಗಿರಣಿಯ ಬಾಗಿಲು ಹಾಕಿ, ಹೊಸಪೇಟೆಯಲ್ಲಿ ರೈಲು ಹತ್ತಿ ಭುವನೇಶ್ವರಕ್ಕೆ ಬಂದಿಳಿದರು. ಮಿನತಿ ಅಪಾನ ಯಜಮಾನರು ಅಲ್ಲಿಗೆ ಹೋಗಿ ಕರೆತಂದರು. ದಾರಿಯುದ್ದಕ್ಕೂ ಗಂಗಕ್ಕ ಅವರಿಗೆ ಕನ್ನಡದಲ್ಲಿ, ಅವರು ಗಂಗಕ್ಕನಿಗೆ ಒಡಿಯಾದಲ್ಲಿ ಮಾತಾಡಿದರಂತೆ. "ಒಳ್ಳೇ ಮನುಷ್ಯ, ಎಲ್ಲಾದಕ್ಕೂ ಹೌದಂತಾನ," ಎಂದರು ಗಂಗಕ್ಕ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಖಾರದ ಪುಡಿಯ ಡಬ್ಬಿ. ಉಪ್ಪು ಬೆರೆತದ್ದು ಇವರು ತಿನ್ನುವ ಹಾಗಿರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರೆ ಇವರು ಕಣ್ಣು ಮುಚ್ಚಿ, ಸೀನಿ, ನಕ್ಕರು. ಬೈಯಲೆಂದು ಮಾತು ಕೂಡಿಸಿಟ್ಟುಕೊಂಡು ಬಂದಿದ್ದ ಗಂಗಕ್ಕ ತಮ್ಮನ ಕಾಲಿನ ಊತವನ್ನು ಬೆರಳಿನಿಂದ ಒತ್ತಿ ನೋಡಿದರು. ಬೆರಳು ಎತ್ತಿದ ಮೇಲೂ ಗುಳಿ ಹಾಗೇ ಇತ್ತು. ಅವರು ಬೈಯಲಿಲ್ಲ. ಇವರಿಗೆ ಆ ಬೈಗುಳವೇ ಬೇಕಿತ್ತು, ಅದು ಸಿಗಲಿಲ್ಲ.

ವಾರದೊಳಗೆ ಮತ್ತೆ ಆಸ್ಪತ್ರೆ ಸೇರಿಸಬೇಕಾಯಿತು. ಅಲ್ಲಿ ಔಷಧಿಯ ಮಂಪರಿನಲ್ಲಿ ಇವರ ನಾಲಿಗೆ ಬೇರೆ ದಾರಿ ಹಿಡಿಯಿತು. ವೇಬ್ರಿಡ್ಜ್‌ನಲ್ಲಿ ದಿನವೂ ಡ್ರೈವರುಗಳ ಜೊತೆ ಆಡುತ್ತಿದ್ದ ಒಡಿಯಾವೇ ಬಾಯಿಗೆ ಬರುತ್ತಿತ್ತು. ನನ್ನನ್ನೂ, ನೀರು ಕುಡಿಸುವ ನರ್ಸನ್ನೂ ಅದರಲ್ಲೇ ಮಾತಾಡಿಸುತ್ತಿದ್ದರು. ಗಂಗಕ್ಕ ಮಂಚದ ಪಕ್ಕ ಕೂತು, "ಯಾವಾಗ ಹೋಗಂಬು ತಮ್ಮಾ ಊರಿಗೆ?" ಎಂದು ಕೇಳಿದರು. ಇವರು ಕಣ್ಣು ತೆರೆಯದೆ, "ಟಿಕೆ ರುಹ. ಟಿಕೆ," ಎಂದರು.

ಗಂಗಕ್ಕ ನನ್ನ ಕಡೆ ತಿರುಗಿದರು. ಮುಖ ಅರಳಿತ್ತು. "ಟಿಕೀಟು ಅಂದ್ನಲ್ಲ? ಟಿಕೀಟು ತೆಗಿಸು ಅಂತಾನ."

ಟಿಕೆ ಎಂದರೆ ಸ್ವಲ್ಪ. ರುಹ ಎಂದರೆ ಇರು, ತಾಳು. ತೂಕದ ಮುಳ್ಳು ನಿಲ್ಲುವ ತನಕ ಲಾರಿ ಕದಲಿಸಬೇಡ ಎಂದು ಡ್ರೈವರಿಗೆ ಹೇಳುವ ಮಾತು ಅದು. ಹಡೆದ ತಾಯಿಯಂಥ ಅಕ್ಕನಿಗೆ ತಮ್ಮನ ಮಾತನ್ನು ನಾನು ಮಗ್ಗುಲಲ್ಲಿ ನಿಂತು ಅನುವಾದಿಸಬೇಕಾಯಿತು.

"ಟಿಕೀಟು ಅಲ್ಲಕ್ಕಾ. ಸ್ವಲ್ಪ ತಡಿ ಅಂತಾರ್ರಿ."

"ತಡಿ ಅಂತಾನ?" ಎಂದರು ಗಂಗಕ್ಕ. ತಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ತಡಿತೀನಿ ಬಿಡು. ನಾನೇನು ನಿನ್ನಂಗ ಗಡಿಬಿಡಿ ಮನುಷ್ಯಳೇನು?"

ಅವರು ತಡೆದರು. ಮಾವಿನ ಕಾಯಿ ಬರುವ ತನಕ ಇದ್ದರು. ಆಸ್ಪತ್ರೆಯವರು ಇವರನ್ನು ಮನೆಗೆ ಕಳಿಸಿದರು, ಆಕ್ಸಿಜನ್ ಸಿಲಿಂಡರಿನ ಜೊತೆ. ಕಂಪ್ಲಿಯ ಮಾತು ಡಾಕ್ಟರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ನನಗೆ ತಿಳಿದೇ ಇದೆ, ಇವರು ಆ ರೈಲು ಹತ್ತುವುದಿಲ್ಲ. ಹತ್ತದಿದ್ದರೆ ನಾನು ಹತ್ತುವುದು ಹೇಗೆ, ಹತ್ತಿದರೂ ಯಾವ ಊರಿಗೆಂದು ಹೋಗುವುದು? ನಮ್ಮಲ್ಲಿ ಮಣ್ಣು ಮಾಡುತ್ತಾರೆ, ಇಲ್ಲಿ ಸುಡುತ್ತಾರೆ. ನಮ್ಮವರಿಗಾಗಿ ಜಾಗ ಎಲ್ಲಿ ಕೇಳಬೇಕೆಂದು ಮಿನತಿ ಅಪಾನ ಯಜಮಾನರು ನನಗೆ ಗೊತ್ತಾಗದ ಹಾಗೆ ವಿಚಾರಿಸುತ್ತಿದ್ದಾರೆ. ನನಗೆ ಗೊತ್ತಾಗಿದೆ. ಅಲ್ಲಿ ಒಮ್ಮೆ ಇವರನ್ನು ಇಳಿಸಿದ ಮೇಲೆ ಈ ಊರನ್ನು ನಾನು ಪರ ಊರು ಎನ್ನುವ ಹಾಗಿಲ್ಲ. ಗಾದಿಗನೂರು, ಕಂಪ್ಲಿ ಎಂದರೆ ಈಗಲೂ ಎದೆ ಆ ಕಡೆ ಎಳೆಯುತ್ತದೆ. ಆ ಎಳೆತಕ್ಕೆ ಇನ್ನು ಉಪಯೋಗವಿಲ್ಲ.

ಗಿರಣಿ ಬಹಳ ದಿನ ಮುಚ್ಚಿಡಲಾಗದೆ ಗಂಗಕ್ಕ ಹೊರಟರು. ಹೊರಡುವ ಹಿಂದಿನ ಸಂಜೆ ಮಿನತಿ ಅಪಾನ ಜೊತೆ ಮೆಟ್ಟಿಲ ಮೇಲೆ ಕೂತು ಏನೋ ಹೇಳಿಸಿಕೊಳ್ಳುತ್ತಿದ್ದುದನ್ನು ಕಂಡಿದ್ದೆ, ಕೇಳಿರಲಿಲ್ಲ. ಕಂಪ್ಲಿಗೆ ಮುಟ್ಟಿ ಅವರು ಫೋನ್ ಮಾಡಿದರು. ಗಿರಣಿಯ ಸದ್ದಿನ ಮೇಲೆ ದನಿ ಏರಿಸಿ, ಇವರ ಕಿವಿಗೆ ಫೋನ್ ಹಿಡಿಯಲು ಹೇಳಿ, ತಡೆತಡೆದು ಕೇಳಿದರು: "ಕೇಮಿತಿ ಅಛ?" ಹೇಗಿದ್ದೀಯ ಎಂದು, ಒಡಿಯಾದಲ್ಲಿ.

ಇವರು ಮೂಗಿನ ನಳಿಗೆಯನ್ನು ಸರಿಸಿಕೊಂಡು, ಆ ದಿನ ಹೇಗೋ ಕನ್ನಡಕ್ಕೆ ಮರಳಿದ್ದವರು, "ಹಂಗ ಅದೀನಕ್ಕಾ," ಎಂದರು. ಗಂಗಕ್ಕನಿಗೆ ಸಮಾಧಾನವಾಗಲಿಲ್ಲ. ಅಪಾ ಹೇಳಿಕೊಟ್ಟ ಒಡಿಯಾ ಉತ್ತರ ಬೇರೆ ಇತ್ತು, ಚೆನ್ನಾಗಿದ್ದೇನೆ ಎಂದು. ಅದನ್ನೇ ಕಾಯುತ್ತಾ ಫೋನ್ ಹಿಡಿದೇ ನಿಂತಿದ್ದರು.